ಬದಲಾಗದ ಬಣ್ಣದ ಪಟ್ಟಿ

ಕೃಪಾ ಮತ್ತು ಮಲ್ಲಿಕಾರ್ಜುನ ಮೊದಲ ಸಲ ಮಾತಾಡಿದ್ದು ಜಗಳದಲ್ಲಿ. ಅದೂ ಹಿಂದಿಯಲ್ಲಿ.

ಅವಳು ಅಹಮದಾಬಾದಿನ ಬೋಪಾಲ್ ಬಡಾವಣೆಯ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೂತಿದ್ದಳು. ಅವನು ಸೂರತ್‌ನ ಸಚಿನ್ ಎಂಬ ಕೈಗಾರಿಕಾ ಪ್ರದೇಶದಲ್ಲಿ, ಸೀರೆಗೆ ಪ್ರಿಂಟ್ ಹಾಕುವ ಮಿಲ್ಲಿನ ಡಿಸೈನ್ ರೂಮಿನಲ್ಲಿದ್ದ. ಇಬ್ಬರ ನಡುವೆ ಇದ್ದದ್ದು ಒಂದು ಫೋನು ಮತ್ತು ಅರ್ಧಂಬರ್ಧ ಹೂವು ಅಚ್ಚಾಗಿ ಕೆಟ್ಟುಹೋದ ಒಂದು ರಾಶಿ ಸೀರೆ.

“ನಾನು ಇನ್ನೂ ಬಿಡಿಸ್ತಾ ಇದ್ದೆ. ನಿಮ್ಮ ಪ್ರೋಗ್ರಾಂ ಹೇಳದೆ ಕೇಳದೆ ಮಷಿನ್ನಿಗೆ ಕಳಿಸಿಬಿಟ್ಟಿದೆ,” ಎಂದ ಅವನು.

“ನೀವು ಸೇವ್ ಮಾಡಿದ್ರಿ, ಅದು ಕಳಿಸ್ತು. ಅದರ ಕೆಲಸವೇ ಅದು.”

“ಸೇವ್ ಮಾಡಿದ್ರೆ ಮುಗೀತು ಅಂತ ಯಾರು ಹೇಳಿದ್ದು?”

ಕೃಪಾ ಫೋನನ್ನು ಸ್ವಲ್ಪ ದೂರ ಹಿಡಿದು, ತನ್ನಷ್ಟಕ್ಕೆ ಕನ್ನಡದಲ್ಲಿ, “ನನ್ನ ಕರ್ಮ,” ಎಂದಳು. ಸಾಕಷ್ಟು ದೂರ ಹಿಡಿದಿರಲಿಲ್ಲ.

 ಆ ಕಡೆಯಿಂದ ಅಪ್ಪಟ ಬಾಗಲಕೋಟೆ ಸೀಮೆಯ ದನಿಯೊಂದು ಕೇಳಿತು. “ನಿಮ್ಮ ಕರ್ಮ ಹೆಂಗ್ರಿ? ಸೀರಿ ಹಾಳಾಗಿದ್ದು ನಮ್ದು.”

ಕೃಪಾ ತುಮಕೂರಿನವಳು. ಒಂದೇ ಕೆಲಸವನ್ನು ಎರಡು ಸಲ ಮಾಡುವುದೆಂದರೆ ಅವಳಿಗೆ ಮೈ ಉರಿಯುತ್ತದೆ. ಅದಕ್ಕೇ ಅವಳ ಲ್ಯಾಪ್‌ಟಾಪಿನಲ್ಲಿ ಸದಾ ಒಂದು ಪುಟ್ಟ ಪ್ರೋಗ್ರಾಂ ಕಣ್ಣು ಬಿಟ್ಟುಕೊಂಡು ಕೂತಿರುತ್ತದೆ. ಅದರ ಹೆಸರು ವಾಚರ್. ಅವಳು ಕೋಡ್ ಬರೆದು ಸೇವ್ ಒತ್ತಿದರೆ ಸಾಕು, ಅದು ಎದ್ದು ಟೆಸ್ಟ್‌ಗಳನ್ನೆಲ್ಲ ಓಡಿಸಿ, ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸಿ ಮತ್ತೆ ಕೂತುಬಿಡುತ್ತದೆ. ಮುಗಿದಾಗ ಟಿಣ್ ಅನ್ನುತ್ತದೆ. ಆ ಸದ್ದು ಅವಳೇ ಸ್ಟೀಲ್ ಲೋಟಕ್ಕೆ ಚಮಚ ಬಡಿದು ರೆಕಾರ್ಡ್ ಮಾಡಿಕೊಂಡದ್ದು.

ಅದೇ ಉಪಾಯವನ್ನು ಅವಳ ಕಂಪನಿ ಸಚಿನ್‌ನ ಮಿಲ್ಲಿಗೂ ಮಾರಿತ್ತು. ಡಿಸೈನರ್ ಸೇವ್ ಮಾಡಿದ ಕೂಡಲೇ ವಾಚರ್ ಎದ್ದು, ಬಣ್ಣಗಳನ್ನು ಬೇರೆ ಮಾಡಿ, ಅಳತೆ ನೋಡಿ, ಡಿಸೈನನ್ನು ಪ್ರಿಂಟಿಂಗ್ ಮಷಿನ್ನಿಗೆ ಕೊಡುತ್ತಿತ್ತು. ಕೋಡ್ ಬರೆಯುವವರು ಸೇವ್ ಮಾಡುವುದು ಸರಿಯಾಯಿತೇ ನೋಡಲು. ಚಿತ್ರ ಬಿಡಿಸುವವರು ಸೇವ್ ಮಾಡುವುದು ಹೋಗಿಬಿಟ್ಟೀತು ಎಂಬ ಭಯಕ್ಕೆ. ಈ ವ್ಯತ್ಯಾಸ ಬೋಪಾಲ್‌ನಲ್ಲಿ ಯಾರಿಗೂ ಹೊಳೆದಿರಲಿಲ್ಲ.

“ಅಷ್ಟೊಂದು ಸಲ ಯಾಕ್ರೀ ಸೇವ್ ಮಾಡ್ತೀರಾ?” ಎಂದು ಅವಳು ಆ ದಿನವೇ ಕೇಳಿದಳು. ಜಗಳ ಕನ್ನಡಕ್ಕೆ ಬಂದ ಮೇಲೆ ಅರ್ಧ ತಣ್ಣಗಾಗಿತ್ತು.

“ಡಿಪ್ಲೊಮಾ ಮಾಡೂ ಮುಂದ ಒಮ್ಮೆ ಪೂರಾ ಒಂದು ಸೀರಿ ಡಿಸೈನ್ ತೆಗೆದಿದ್ದೆ. ನಮ್ದು ರಬಕವಿ. ಸೆರಗಿನ ಕಡೀ ಹೂವಿಗೆ ಬಂದಿದ್ದೆ, ಕರೆಂಟ್ ಹೋತು. ಏನೂ ಉಳೀಲಿಲ್ಲ. ಆವತ್ತಿನಿಂದ ಕೈ ತಾನ ಒತ್ತತೈತ್ರಿ, ನಾ ಹೇಳಿದ್ರೂ ಕೇಳೂದಿಲ್ಲ.”

ಕೃಪಾಗೆ ನಗು ಬಂತು. ಜಗಳಕ್ಕೆ ನಿಂತವಳು ನಗುವುದು ಹೇಗೆಂದು ತಡೆದುಕೊಂಡಳು.

ಮರುದಿನ ಅವಳು ವಾಚರನ್ನು ತಿದ್ದಿದಳು. ಇನ್ನು ಮೇಲೆ ಅದು ‘ರೆಡಿ’ ಎಂಬ ಒಂದೇ ಫೋಲ್ಡರಿನ ಮೇಲೆ ಕಣ್ಣಿಡುತ್ತದೆ. ಅಲ್ಲಿಗೆ ಬಂದ ಫೈಲನ್ನೂ ತಕ್ಷಣ ಎತ್ತಿಕೊಳ್ಳುವುದಿಲ್ಲ, ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಮಾತ್ರ. ಪರೀಕ್ಷೆ ಮಾಡಲು ಇಬ್ಬರೂ ಫೋನಿನಲ್ಲಿ ಕೂತರು.

“ಫೈಲು ರೆಡಿ ಫೋಲ್ಡರಿಗೆ ಹಾಕಿದ್ರಾ? ಈಗ ಮುಟ್ಟಬೇಡಿ.”

“ಎರಡು ನಿಮಿಷ ನಾ ಏನ್ ಮಾಡ್ಲಿ?”

“ಸುಮ್ನೆ ಇರಿ.”

“ಸುಮ್ಮನ ಇರಾಕ ಬರೂದಿಲ್ರಿ ನನಗ. ಊಟ ಆತೇನ್ರಿ ನಿಮ್ದು?”

“ಆಯ್ತು.”

“ಏನು ಊಟ?”

“ಕ್ಯಾಂಟೀನ್ ಊಟ. ದಾಲ್‌ಗೂ ಸಕ್ಕರೆ ಹಾಕಿರ್ತಾರೆ. ನಿಮ್ದು?”

“ರೊಟ್ಟಿ, ಶೇಂಗಾ ಚಟ್ನಿ. ನಾನ ತಟ್ಟಿದ್ದು.” ಒಂದು ಕ್ಷಣ ಬಿಟ್ಟು ಅವನೇ, “ಅಯ್ಯ, ಒತ್ತಿಬಿಟ್ಟೆ,” ಎಂದ.

“ಮತ್ತೆ ಮೊದಲಿಂದ ಎರಡು ನಿಮಿಷ,” ಎಂದಳು ಕೃಪಾ.

ಆ ಮಧ್ಯಾಹ್ನ ಅವನು ಇನ್ನೂ ಎರಡು ಸಲ ಒತ್ತಿದ. ಕೊನೆಯದನ್ನು ಬೇಕಂತಲೇ ಒತ್ತಿದ್ದು ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದರೂ ಬೈಯಲಿಲ್ಲ.

ಮುಂದಿನ ವಾರ ಮಿಲ್ಲಿನಲ್ಲಿ ಎಲ್ಲರಿಗೂ ಹೊಸ ಪದ್ಧತಿ ತೋರಿಸಲು ಕೃಪಾ ಸೂರತ್‌ಗೆ ಹೋದಳು. ಫೋನಿನ ದನಿ ಕೇಳಿ ದೊಡ್ಡ ಮೀಸೆಯ ಆಳೊಬ್ಬನನ್ನು ಊಹಿಸಿದ್ದಳು. ಎದುರಿಗೆ ಬಂದವನು ಸಣಕಲು, ಕನ್ನಡಕದವನು, ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡವನು. ಅವನು “ಬರ್ರಿ” ಎಂದವನೇ ಅವಳ ಭುಜದ ಕಡೆ ನೋಡಿದ. ನೋಡುತ್ತಲೇ ನಿಂತ.

“ಏನು ನೋಡ್ತಿದೀರಾ?”

“ನಿಮ್ಮ ದುಪಟ್ಟಾ. ಹೂವಿನ ಗೆರಿ ಒಂದ ಕಡೆ, ಬಣ್ಣ ಒಂದ ಕಡೆ ಕುಂತೈತಿ. ಪ್ರಿಂಟ್ ಒಂದು ದಾರದಷ್ಟು ಜರುಗೇತ್ರಿ.”

ಕೃಪಾ ದುಪಟ್ಟಾ ನೋಡಿಕೊಂಡಳು. ನಿಜವಾಗಿತ್ತು. ಇಷ್ಟು ದಿನ ಹಾಕಿಕೊಂಡು ಓಡಾಡಿದರೂ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ತಲೆ ಎತ್ತಿದಾಗಲೂ ಅವನು ನೋಡುತ್ತಲೇ ಇದ್ದ.

“ಈಗಲೂ ಪ್ರಿಂಟ್ ನೋಡ್ತಿದೀರಾ?”

“ಈಗ ಪ್ರಿಂಟ್ ಅಲ್ರಿ,” ಎಂದು ಅವನು ಮುಖ ತಿರುಗಿಸಿದ. ಕಿವಿ ಕೆಂಪಾಗಿತ್ತು.

ಪಕ್ಕದ ಶೆಡ್ಡಿನಲ್ಲಿ ಸ್ಯಾಂಪಲ್ ಮಷಿನ್ ನೋಡಿಕೊಳ್ಳುವ ಊರ್ಮಿಳಾಬೆನ್ ಇಬ್ಬರಿಗೂ ಚಹಾ ತಂದಿಟ್ಟು ಹೋದರು. ವಾಚರ್ ಎತ್ತಿಕೊಂಡ ಪ್ರತಿ ಡಿಸೈನ್ ಮೊದಲು ಅವರ ಮಷಿನ್ನಿನಲ್ಲಿ ತುಂಡು ಬಟ್ಟೆಯ ಮೇಲೆ ಅಚ್ಚಾಗುತ್ತದೆ, ಅವರು ಸರಿ ಎಂದರೆ ಮಾತ್ರ ಸೀರೆಗೆ ಹೋಗುತ್ತದೆ. ಇದು ಅರ್ಧ ಹೂವಿನ ಗಲಾಟೆಯ ಮೇಲೆ ಬಂದ ಹೊಸ ನಿಯಮ.

ಚಹಾ ಕುಡಿಯುತ್ತ ಮಲ್ಲಿಕಾರ್ಜುನ ಮಾತಾಡುತ್ತಿದ್ದ. ಅವನ ಎಡಗೈ ಮೇಜಿನ ಅಂಚಿನ ಮೇಲೆ ಆಗಾಗ ಎರಡು ಬೆರಳನ್ನು ಒಟ್ಟಿಗೆ ಕುಟ್ಟುತ್ತಿತ್ತು. ಕೃಪಾಗೆ ಅದು ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಮೇಜನ್ನ ಯಾಕೆ ಸೇವ್ ಮಾಡ್ತಿದೀರಾ?”

ಅವನು ಕೈಯನ್ನು ನೋಡಿ ನಕ್ಕ. “ಕಳೀಬಾರ್ದು ಅನ್ನಿಸಿದ್ರ ಅದು ತಾನ ಹೋಗತೈತ್ರಿ.”

“ಏನು ಕಳೀಬಾರ್ದು? ಚಹಾನಾ?”

“ಹೂಂ. ಚಹಾ ಅಂತನ ತಿಳ್ಕೊರಿ.”

ಆಮೇಲಿನ ದಿನಗಳಲ್ಲಿ ಬೆಳಿಗ್ಗೆಯ ಪಟ್ಟಿ ಶುರುವಾಯಿತು.

ಮಿಲ್ಲಿನ ಬಣ್ಣಗಳನ್ನೆಲ್ಲ ಸಾಲಾಗಿ ಇಟ್ಟ ಒಂದು ಫೈಲು ರೆಡಿ ಫೋಲ್ಡರಿನಲ್ಲಿತ್ತು. ಅದಕ್ಕೆ ಎಲ್ಲರೂ ಬಣ್ಣದ ಪಟ್ಟಿ ಅನ್ನುತ್ತಿದ್ದರು. ಮಲ್ಲಿಕಾರ್ಜುನ ಕೆಲಸಕ್ಕೆ ಬಂದ ಕೂಡಲೇ ಅದನ್ನು ತೆರೆದು ಸೇವ್ ಮಾಡುತ್ತಿದ್ದ. ವಾಚರ್ ಎಲ್ಲ ಸರಿಯಾಗಿ ನಡೆಸುತ್ತಿದೆಯೇ ತಿಳಿಯಲು ಇದು ಒಳ್ಳೆಯದೆಂದು ಕೃಪಾ ಆ ಒಂದು ಫೈಲಿಗೆ ಮಾತ್ರ ತನ್ನ ಲ್ಯಾಪ್‌ಟಾಪಿನಲ್ಲಿ ಸದ್ದು ಇಟ್ಟುಕೊಂಡಳು. ಬೇರೆ ಡಿಸೈನುಗಳು ಸದ್ದಿಲ್ಲದೆ ಹೋಗುತ್ತಿದ್ದವು. ಪಟ್ಟಿ ಬಂದರೆ ಟಿಣ್.

“ದಿನಾ ಯಾಕೆ ಅದನ್ನ ತೆಗೀತೀರಾ?” ಎಂದು ಒಮ್ಮೆ ಕೇಳಿದಳು.

“ಹವಾ ಬದಲಾದ್ರ ಬಣ್ಣ ಬದಲಾಗತಾವ್ರಿ. ಮುಂಜಾನೆ ಒಂಚೂರು ಸರಿ ಮಾಡಿ ಇಡ್ತೀನಿ.”

ಇರಬಹುದು ಎಂದು ಕೃಪಾ ನಂಬಿದಳು. ಸೂರತ್‌ನ ಹವೆಯ ಬಗ್ಗೆ ಅವಳಿಗೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಟಿಣ್ ಎಂದ ಕೂಡಲೇ ಅವಳು “ಬಂದ್ರಾ?” ಎಂದು ಮೆಸೇಜ್ ಹಾಕುವಳು. “ಬಂದೆ. ನೀವು?” ಎಂದು ಅವನು. ಅಷ್ಟರಿಂದ ಶುರುವಾದದ್ದು ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವಳ ಫ್ಲ್ಯಾಟಿನ ಲಿಫ್ಟು ಕೆಟ್ಟದ್ದು, ಅವನ ರೂಮಿನವನು ಸಾರಿಗೆ ಬೆಲ್ಲ ಸುರಿದದ್ದು, ಅವಳಮ್ಮ ಹೊಸದಾಗಿ ಕಾರು ಕಲಿಯುತ್ತಿರುವುದು, ಅವನವ್ವ ಇವತ್ತಿಗೂ ಮಗ್ಗದ ಸದ್ದಿಲ್ಲದೆ ನಿದ್ದೆ ಮಾಡಲಾರದ್ದು. ಒಂದು ದಿನ ಪಟ್ಟಿ ತಡವಾಯಿತು. ಕೃಪಾ ಆ ಬೆಳಿಗ್ಗೆ ಮಾಡಿದ ಕೆಲಸವೆಂದರೆ ಸ್ಪೀಕರ್ ಆನ್ ಇದೆಯೇ ಎಂದು ಮತ್ತೆ ಮತ್ತೆ ನೋಡಿದ್ದು. ಅವನ ಬೈಕ್ ಪಂಕ್ಚರ್ ಆಗಿತ್ತು, ಅಷ್ಟೇ.

ಒಂದು ಭಾನುವಾರ ಇಬ್ಬರೂ ವಡೋದರಾದಲ್ಲಿ ಭೇಟಿಯಾದರು. ಅವಳು ಉತ್ತರದಿಂದ, ಅವನು ದಕ್ಷಿಣದಿಂದ, ಬೇರೆ ಬೇರೆ ರೈಲಿನಲ್ಲಿ ಬಂದರು. ನಡುವಿನ ಊರಾದರೆ ಯಾರೂ ಯಾರನ್ನೂ ಹುಡುಕಿಕೊಂಡು ಬಂದಂತೆ ಆಗುವುದಿಲ್ಲ ಎಂಬ ಲೆಕ್ಕ ಇಬ್ಬರದೂ. ಸ್ಟೇಷನ್ ಹತ್ತಿರ ಬಟಾಣಿ ಗೊಜ್ಜಿನ ಸೇವ್ ಉಸಳ್ ತಿಂದು, ಖಾರಕ್ಕೆ ಕಣ್ಣೀರು ಒರೆಸಿಕೊಂಡು, ಸಯಾಜಿ ಬಾಗ್ ಉದ್ಯಾನದ ಒಂದು ಬೆಂಚಿನ ಮೇಲೆ ಕೂತರು. ಮಲ್ಲಿಕಾರ್ಜುನ ಆ ದಿನ ಮಾತು ಕಡಿಮೆ ಆಡಿದ್ದ.

“ಊರಾಗ ನನಗ ಹುಡುಗಿ ನೋಡ್ಯಾರ್ರಿ,” ಎಂದ. “ಅವ್ವಗ ಒಪ್ಪಿಗಿ ಐತಿ. ಬರೂ ಶನಿವಾರ ರೈಲಿಗೆ ಹೊಂಟೀನಿ. ಹೋದ ಮ್ಯಾಲ ಹೌದೋ ಅಲ್ಲೋ ಹೇಳಬೇಕು.”

ಕೃಪಾ ತನ್ನ ಚಪ್ಪಲಿ ನೋಡಿಕೊಂಡಳು. “ಹುಡುಗಿ ಹೇಗಿದ್ದಾಳೆ?”

“ಫೋಟೋ ನೋಡಿಲ್ರಿ.”

“ಯಾಕೆ?”

“ನಿಮ್ಮನ್ನ ಕೇಳಿ ಆಮ್ಯಾಲ ನೋಡೂಣಂತ.”

 ಇಲ್ಲ, ನೋಡಬೇಡಿ ಎನ್ನಬೇಕೆಂದು ಅವಳಿಗೆ ಅನ್ನಿಸಿತು. ಆದರೆ ತುಮಕೂರಿನ ಮನೆ, ಅಮ್ಮ, ಯಾವ ಜನ ಯಾವ ಊಟ ಎಂದು ಏಳಬಹುದಾದ ಪ್ರಶ್ನೆಗಳು, ಇವನು ಸೂರತ್ ತಾನು ಬೋಪಾಲ್, ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗಿದವು. ಟೆಸ್ಟ್ ಮಾಡದೆ ಒಂದು ಸಾಲು ಕೋಡನ್ನೂ ಹೊರಗೆ ಬಿಟ್ಟವಳಲ್ಲ ಅವಳು.

“ನನಗೆ ಸ್ವಲ್ಪ ಟೈಮ್ ಕೊಡಿ,” ಎಂದಳು.

“ತಗೋರಿ. ನಾ ಫೋನ್ ಮಾಡಿ ಕಾಡೂದಿಲ್ಲ, ಮೆಸೇಜೂ ಹಾಕೂದಿಲ್ಲ. ನೀವೂ ‘ಬಂದ್ರಾ’ ಅನ್ನೂದು ಬ್ಯಾಡ, ಉತ್ತರ ಇದ್ದಾಗ ಹೇಳ್ರಿ. ಮುಂಜಾನೆ ಪಟ್ಟಿ ಬಂದ್ರ ನಾ ಇನ್ನೂ ಕಾಯಾಕತ್ತೀನಿ ಅಂತ ತಿಳ್ಕೊರಿ.”

“ಬರಲಿಲ್ಲ ಅಂದ್ರೆ?”

“ಮನಿಗೆ ಹೂಂ ಅಂದೀನಿ ಅಂತ ತಿಳ್ಕೊರಿ.”

ಅವನ ಎರಡು ಬೆರಳು ಬೆಂಚಿನ ಕಬ್ಬಿಣವನ್ನು ಮೆಲ್ಲಗೆ ಕುಟ್ಟಿದವು. ಇಬ್ಬರೂ ಅದನ್ನು ನೋಡಿದರು. 

ಸೋಮವಾರ ಬೆಳಿಗ್ಗೆ ಟಿಣ್ ಎಂದಿತು. ಕೃಪಾ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಕಾಯುತ್ತಿದ್ದಾನೆ. ಅಷ್ಟು ಗೊತ್ತಿದ್ದರೆ ಸಾಕೆಂದು ಇಡೀ ಬೆಳಿಗ್ಗೆ ಹಗುರಾಗಿ ಓಡಾಡಿದಳು. ಸಕ್ಕರೆ ಹಾಕಿದ ದಾಲನ್ನೂ ಬೈಯದೆ ಉಂಡಳು.

ಮಧ್ಯಾಹ್ನ ಅವಳ ಟೀಮ್ ಲೀಡ್ ಪೂರ್ವಿ ಕುರ್ಚಿ ಎಳೆದುಕೊಂಡು ಬಂದು ಕೂತಳು. ಮಿಲ್ಲಿನಿಂದ ದೂರು ಬಂದಿದೆ, ಎಂದಳು. ಅಲ್ಲಿನ ಡಿಸೈನರ್‌ಗಳು ರೆಡಿ ಫೋಲ್ಡರಿನ ಫೈಲುಗಳನ್ನು ಸುಮ್ಮನೆ ತೆರೆದು ಸೇವ್ ಮಾಡುತ್ತಾರೆ. ಏನೂ ಬದಲಾಗಿರುವುದಿಲ್ಲ. ಆದರೂ ವಾಚರ್ ಎದ್ದು ಅದೇ ಹೂವನ್ನು ಮತ್ತೆ ಮತ್ತೆ ಸ್ಯಾಂಪಲ್ ಮಷಿನ್ನಿಗೆ ಕಳಿಸುತ್ತದೆ. ಹೊಸ ಡಿಸೈನುಗಳು ಸಾಲಿನಲ್ಲಿ ಕಾಯಬೇಕಾಗುತ್ತದೆ.

“ಫೈಲಿನ ಒಳಗೆ ನಿಜವಾಗಿ ಏನಾದರೂ ಬದಲಾಗಿದ್ದರೆ ಮಾತ್ರ ಏಳಲಿ. ಇವತ್ತೇ ಆಗುತ್ತಾ?” ಎಂದಳು ಪೂರ್ವಿ.

ಆಗುತ್ತದೆ. ಕೃಪಾಗೆ ಅದು ಒಂದು ಗಂಟೆಯ ಕೆಲಸ. ಹಿಂದಿನ ಫೈಲಿಗೂ ಹೊಸ ಫೈಲಿಗೂ ಹೋಲಿಕೆ ಮಾಡು, ಎರಡೂ ಒಂದೇ ಆಗಿದ್ದರೆ ಸುಮ್ಮನಿರು, ಎಂದು ವಾಚರಿಗೆ ಕಲಿಸಿದಳು. ಡಿಸೈನರ್‌ಗಳು ಗಾಬರಿ ಬೀಳಬಾರದೆಂದು ಅವರ ಪರದೆಯಲ್ಲಿ ಮಾತ್ರ ಎಂದಿನಂತೆ ಹಸಿರು ದೀಪ ಇರಲಿ ಎಂದಳು. ಸೇವ್ ಒತ್ತಿದಳು. ಅವಳ ಟೆಸ್ಟ್‌ಗಳೆಲ್ಲ ಹಸಿರಾದವು. ಸಂಜೆಗೆ ಸಚಿನ್‌ನ ಮಿಲ್ಲಿಗೆ ಹಾಕಿ ಮನೆಗೆ ಹೋದಳು.

ಮಂಗಳವಾರ ಸದ್ದಿಲ್ಲ.

ಹತ್ತಾಯಿತು, ಊಟದ ಹೊತ್ತಾಯಿತು, ಸದ್ದಿಲ್ಲ. ಮತ್ತೆ ಪಂಕ್ಚರ್ ಆಗಿರಬಹುದೆಂದು ಸಂಜೆಯವರೆಗೂ ಕಾದಳು. ಬುಧವಾರವೂ ಬರಲಿಲ್ಲ. ಸದ್ದಿನ ಫೈಲನ್ನು ತಾನೇ ಬಾರಿಸಿ ನೋಡಿದಳು. ಲೋಟ, ಚಮಚ, ಎಲ್ಲ ಸರಿಯಾಗಿತ್ತು.

ಆಗ ಅವಳಿಗೆ ಸಿಟ್ಟು ಬಂತು. ಒಂದೇ ದಿನ. ಒಂದೇ ಒಂದು ದಿನ ಕಾದನಲ್ಲ ಈ ಮಹಾನುಭಾವ. ಕಾಡುವುದಿಲ್ಲ ತಗೋರಿ ಎಂದು ದೊಡ್ಡದಾಗಿ ಹೇಳಿದವನು ಸೋಮವಾರ ಸಂಜೆಯೇ ಫೋಟೋ ನೋಡಿ ಹೂಂ ಅಂದನೋ ಏನೋ. ಹುಡುಗಿ ಚೆನ್ನಾಗಿಯೇ ಇರುತ್ತಾಳೆ. ರೊಟ್ಟಿ ತಟ್ಟಲೂ ಬರುತ್ತಿರುತ್ತದೆ. ಕೃಪಾ ಹೀಗೆಲ್ಲ ಅಂದುಕೊಳ್ಳುತ್ತ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಸಿಗ್ನಲ್‌ನಲ್ಲಿ ನಿಂತು ಅತ್ತಳು. ಹೆಲ್ಮೆಟ್ ಇದ್ದುದರಿಂದ ಯಾರಿಗೂ ಕಾಣಲಿಲ್ಲ. ಅವನು ಅವಳಿಗೆ ಬೇಕಾಗಿದ್ದ. ಇಷ್ಟು ಸರಳ ವಿಷಯ ಭಾನುವಾರ ಬೆಂಚಿನ ಮೇಲೆ ಯಾಕೆ ಗೊತ್ತಾಗಲಿಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಗುರುವಾರ ಅಮ್ಮ ಫೋನ್ ಮಾಡಿದರು. “ಯಾಕೆ ದನಿ ಹಂಗಿದೆ? ನೆಗಡಿನಾ?”

“ಒಬ್ಬರಿದ್ರು ಅಮ್ಮ. ಇಷ್ಟ ಆಗಿದ್ರು. ಈಗ ಬೇರೆ ಕಡೆ ಒಪ್ಕೊಂಡಿದ್ದಾರೆ,” ಎಂದುಬಿಟ್ಟಳು ಕೃಪಾ.

ಅಮ್ಮ ಯಾವ ಜನ ಎಂದು ಕೇಳಲಿಲ್ಲ. “ನೀನು ಅವನಿಗೆ ಹೂಂ ಅಂದಿದ್ಯಾ?” ಎಂದರು.

“ಇಲ್ಲ.”

“ಮತ್ತೆ ಅವನ ಮೇಲೆ ಯಾಕೆ ಸಿಟ್ಟು?”



ಶುಕ್ರವಾರ ಮಧ್ಯಾಹ್ನ ಅವಳು ಬೋಪಾಲ್‌ನಲ್ಲೇ ಕೂತು ಮಿಲ್ಲಿನ ರೆಡಿ ಫೋಲ್ಡರ್ ತೆರೆದಳು. ಬಣ್ಣದ ಪಟ್ಟಿಯನ್ನು ಒಮ್ಮೆ ನೋಡಬೇಕು ಅನ್ನಿಸಿತ್ತು. ಅರಿಶಿನ, ಕುಂಕುಮ, ನವಿಲುನೀಲಿ, ಗಿಳಿಹಸಿರು, ಸಾಲಾಗಿ ಚೌಕಗಳು. ನಾಳೆ ಅವನು ರೈಲು ಹತ್ತುತ್ತಾನೆ. ಆ ಸದ್ದನ್ನಾದರೂ ಕೊನೆಯ ಸಲ ಕೇಳೋಣವೆಂದು ಅವಳೇ ಸೇವ್ ಒತ್ತಿ ಕೈ ಕಟ್ಟಿ ಕೂತಳು.

ಎರಡು ನಿಮಿಷ ಕಳೆಯಿತು. ಡಿಸೈನರ್‌ಗಳಿಗೆ ಕಾಣುವ ಅದೇ ಹಸಿರು ದೀಪ ಪರದೆಯಲ್ಲಿ ಹತ್ತಿತು. ಸದ್ದು ಬರಲಿಲ್ಲ.

ಮತ್ತೆ ಒತ್ತಿದಳು. ಮತ್ತೆ ಹಸಿರು, ಮತ್ತೆ ಮೌನ.

ಕೃಪಾ ಕುರ್ಚಿಯಲ್ಲಿ ನೆಟ್ಟಗಾದಳು. ಫೈಲಿನಲ್ಲಿ ಅವಳು ಏನನ್ನೂ ಬದಲಿಸಿರಲಿಲ್ಲ. ಬದಲಾಗದ ಫೈಲಿಗೆ ಏಳಬೇಡ ಎಂದು ವಾಚರಿಗೆ ಸೋಮವಾರ ಹೇಳಿಕೊಟ್ಟವಳು ಅವಳೇ. ಆದರೆ ಮಲ್ಲಿಕಾರ್ಜುನ ದಿನಾ ಬಣ್ಣ ಸರಿ ಮಾಡುತ್ತಿದ್ದನಲ್ಲ? ವಾಚರ್ ದಿನಾ ಎತ್ತಿಟ್ಟಿದ್ದ ಹಳೆಯ ಪಟ್ಟಿಗಳನ್ನು ತೆಗೆದು ಒಂದರ ಪಕ್ಕ ಒಂದಿಟ್ಟು ನೋಡಿದಳು. ಮೊದಲ ದಿನದ್ದೂ ಸೋಮವಾರದ್ದೂ ಒಂದೇ. ನಡುವಿನವೂ ಒಂದೇ. ಇಷ್ಟು ದಿನದಲ್ಲಿ ಒಂದು ಚುಕ್ಕೆ ಬಣ್ಣವೂ ಬದಲಾಗಿರಲಿಲ್ಲ. ಹವೆಯ ಕಥೆ ಬರೀ ಸುಳ್ಳು. ಅವನು ಸೇವ್ ಮಾಡುತ್ತಿದ್ದುದು ಅವಳಿಗೆ ಕೇಳಲೆಂದು, ಅಷ್ಟಕ್ಕೇ.

ಹಾಗಾದರೆ ಮಂಗಳವಾರದಿಂದ ಅವನು ಸೇವ್ ಮಾಡಿದ್ದನೇ, ಇಲ್ಲವೇ? ಮಾಡಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ. ಫೈಲು ಕೊನೆಯ ಸಲ ಸೇವ್ ಆದ ಹೊತ್ತನ್ನು ನೋಡಿದರೆ ತಿಳಿಯುತ್ತಿತ್ತು. ನೋಡಿದಳು. ಈಗ ತಾನೇ, ಎಂದು ತೋರಿಸಿತು. ಸದ್ದು ಕೇಳುವ ಆಸೆಗೆ ತಾನೇ ಸೇವ್ ಒತ್ತಿ ಅವನ ಹೊತ್ತನ್ನು ಅಳಿಸಿ ಹಾಕಿದ್ದಳು.

ಫೋನ್ ಮಾಡಿ ಕೇಳಬಹುದಿತ್ತು. ಕಾಯುತ್ತಿದ್ದೀರಾ ಎಂದು. ಅವನು ಹೌದೆಂದರೆ ತಾನೂ ಹೂಂ ಅನ್ನುವುದು, ಇಲ್ಲವೆಂದರೆ ಒಳ್ಳೆಯದಾಗಲಿ ಎಂದು ಇಟ್ಟುಬಿಡುವುದು. ಅದು ಅವಳಿಗೆ ಹೇಡಿತನ ಅನ್ನಿಸಿತು. ಅವನು ಕಾಯಲಿ, ಬಿಡಲಿ, ತನ್ನ ಉತ್ತರ ಮೊದಲು ಹೋಗಬೇಕು.

ಅವಳಿಗೆ ಚಿತ್ರ ಬಿಡಿಸಲು ಬರುವುದಿಲ್ಲ. ಆದರೂ ಪಟ್ಟಿಯ ಕೊನೆಯ ಚೌಕದ ಪಕ್ಕದಲ್ಲಿ ಮೌಸ್ ಹಿಡಿದು ಸೊಟ್ಟಗೆ ಒಂದು ಹೂವು ಬಿಡಿಸಿದಳು. ತನ್ನ ದುಪಟ್ಟಾದ ಹೂವು. ಒಳಗೆ ಅದೇ ಕೆಂಪು ತುಂಬಿ, ಗೆರೆಯನ್ನು ಬೇಕಂತಲೇ ಒಂದು ದಾರದಷ್ಟು ಆಚೆ ಜರುಗಿಸಿದಳು. ಸೇವ್ ಒತ್ತಿದಳು. ಎರಡು ನಿಮಿಷ ಏನನ್ನೂ ಮುಟ್ಟಲಿಲ್ಲ.

ಟಿಣ್ ಎಂದಿತು.

ಫೋನ್ ಬರುವಷ್ಟರಲ್ಲಿ ಅವಳು ಎರಡು ಲೋಟ ನೀರು ಕುಡಿದಿದ್ದಳು.

“ಬಣ್ಣದ ಪಟ್ಟಿ ಯಾರೋ ಹಾಳ ಮಾಡ್ಯಾರಂತ ಊರ್ಮಿಳಾಬೆನ್ ಸ್ಯಾಂಪಲ್ ಬಟ್ಟಿ ಹಿಡ್ಕೊಂಡ ಬಂದು ಬೈಯಾಕತ್ತಾರ್ರಿ,” ಎಂದ ಮಲ್ಲಿಕಾರ್ಜುನ. ದನಿ ಎಂದಿನಂತಿರಲಿಲ್ಲ.

“ನಾನೇ ಮಾಡಿದ್ದು.”

“ಹೂವು ಒಂದು ದಾರ ಜರುಗೇತಿ.”

“ಗೊತ್ತು. ಅದು ನನ್ನ ಉತ್ತರ.”

ಅವನು ಮಾತಾಡುವ ಮೊದಲೇ ಅವಳೇ ಕೇಳಿದಳು.

“ಮಲ್ಲಿಕಾರ್ಜುನ್, ಮಂಗಳವಾರದಿಂದ ನೀವು ಪಟ್ಟಿ ಸೇವ್ ಮಾಡಿದ್ರಾ?”

“ದಿನಾ ಮಾಡೀನ್ರಿ. ಇವತ್ತೂ ಮಾಡೀನಿ. ಹಸಿರು ಬರ್ತಿತ್ತಲ್ಲ. ನೀವು ಕೇಳಿಸ್ಕೊಂಡೂ ಸುಮ್ಮನ ಅದೀರಿ ಅಂತ ನಾ ತಿಳ್ಕೊಂಡಿದ್ದೆ.”

“ನನಗೆ ಒಂದೂ ಕೇಳಲಿಲ್ಲ. ನೀವು ಮನೆಗೆ ಹೂಂ ಅಂದ್ರಿ ಅಂತ ನಾನು ತಿಳ್ಕೊಂಡಿದ್ದೆ.” ಅವಳು ಸೋಮವಾರದ ಕೆಲಸವನ್ನು ಹೇಳಿದಳು. ಫೈಲು ಬದಲಾಗದಿದ್ದರೆ ವಾಚರ್ ಏಳುವುದಿಲ್ಲ ಎಂಬುದನ್ನೂ, ಹಸಿರು ದೀಪ ಬರೀ ಸಮಾಧಾನಕ್ಕೆ ಎಂಬುದನ್ನೂ ಹೇಳಿದಳು. “ದಿನಾ ಬಣ್ಣ ಸರಿ ಮಾಡ್ತೀನಿ ಅಂದಿದ್ರಲ್ಲ. ಅದನ್ನ ನಂಬಿದ್ದೆ ನಾನು. ನಿಜವಾಗಿ ಮಾಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ.”

“ಹವಾ ಸುಳ್ಳ್ರಿ,” ಎಂದ ಅವನು ಸಣ್ಣಗೆ. “ನಿಮಗ ಕೇಳ್ಲಿ ಅಂತ ಒತ್ತತಿದ್ದೆ.”

ಕೃಪಾ ನಕ್ಕಳು. ಜೊತೆಗೆ ಅಳುವೂ ಬಂತು. ಪೂರ್ವಿ ತನ್ನ ಮೇಜಿನಿಂದ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದಳು.

“ಫೋಟೋ ನೋಡಿದ್ರಾ?”

“ಇನ್ನೂ ಇಲ್ಲ.”

“ನೋಡಬೇಡಿ. ನಿಮ್ಮ ನಾಳೆಯ ರೈಲು ಮೊದಲು ಅಹಮದಾಬಾದಿಗೆ ಬರುತ್ತೆ ತಾನೇ?”

“ಹೌದ್ರಿ. ಆಮ್ಯಾಲ ವಡೋದರಾ, ಆಮ್ಯಾಲ ಸೂರತ್.”

“ಅದರಲ್ಲೇ ಸೂರತ್‌ವರೆಗೆ ಬರ್ತೀನಿ. ಉಳಿದದ್ದನ್ನ ಫೋನಲ್ಲಿ ಹೇಳಲ್ಲ.”

ಶನಿವಾರ ಸೂರತ್ ಸ್ಟೇಷನ್ನಿನಲ್ಲಿ ಕೃಪಾ ಬೋಗಿಯಿಂದ ಇಳಿದಾಗ ಮಲ್ಲಿಕಾರ್ಜುನ ಬ್ಯಾಗನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಅವಳು ಅದೇ ದುಪಟ್ಟಾ ಹಾಕಿಕೊಂಡು ಬಂದಿದ್ದಳು. ಅವನು ಅದರ ಹೂವನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಈ ಸಲ ಮುಖ ತಿರುಗಿಸಲಿಲ್ಲ. ರೈಲು ಇಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು, ಜನ ಇಬ್ಬರನ್ನೂ ತಳ್ಳಿಕೊಂಡು ಹತ್ತುತ್ತಿದ್ದರು.

“ಮನೆಗೆ ಹೋಗಿ ಏನು ಹೇಳ್ತೀರಾ?” ಎಂದಳು.

“ನೀವ ಹೇಳ್ರಿ.”

“ಅಹಮದಾಬಾದಲ್ಲಿ ಒಬ್ಬಳಿದ್ದಾಳೆ, ತುಮಕೂರಿನವಳು. ನನ್ನನ್ನ ಮದುವೆ ಆಗ್ತೀನಿ ಅಂದಿದ್ದಾಳೆ ಅಂತ ಹೇಳಿ. ಅವಳಿಗೆ ನಾನು ಬೇಕು ಅಂತ ಹೇಳಿ. ರೊಟ್ಟಿ ತಟ್ಟೋಕೆ ಬರಲ್ಲ ಅಂತಲೂ ಹೇಳಿಬಿಡಿ, ಆಮೇಲೆ ಗೊತ್ತಾಗೋದು ಬೇಡ.”

“ರೊಟ್ಟಿ ನಾ ತಟ್ಟತೀನ್ರಿ.”

ಅವನ ಕಣ್ಣು ತುಂಬಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳಲು ಒಂದು ಕೈ ಬೇಕಾಯಿತು. ಇನ್ನೊಂದು ಕೈ ಅವಳ ಮುಂಗೈಯನ್ನು ಹಿಡಿದುಕೊಂಡಿತು. ಎರಡು ಬೆರಳು ಅವಳ ಮಣಿಕಟ್ಟನ್ನು ಒಮ್ಮೆ, ಮೆಲ್ಲಗೆ ಒತ್ತಿದವು.

“ಸೇವ್ ಆಯ್ತಾ?” ಎಂದಳು ಕೃಪಾ.

“ಆತ್ರಿ.”

“ಸರಿ, ಹತ್ತು. ರೈಲು ಹೊರಡ್ತಿದೆ. ಹುಷಾರಾಗಿ ಹೋಗಿ ಬಾ.”

ಅವಳು ನೀವು ಬಿಟ್ಟು ನೀನು ಅಂದದ್ದನ್ನು ಅವನು ಬಾಗಿಲಲ್ಲಿ ನಿಂತ ಮೇಲೆ ಗಮನಿಸಿದ. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ರೈಲು ಮುಂದಕ್ಕೆ ಹೋಯಿತು. ಕೃಪಾ ಸ್ಟೇಷನ್ ಹೊರಗೆ ಒಂದು ತಟ್ಟೆ ಕಡಲೆಬೇಳೆಯ ಲೋಚೋ ತಿಂದು, ಸಂಜೆಯ ರೈಲಿಗೆ ಅಹಮದಾಬಾದಿಗೆ ವಾಪಸಾದಳು. ಹಾದಿಯಲ್ಲಿ ಅಮ್ಮನಿಗೆ ಫೋನ್ ಮಾಡಿ, ಹೂಂ ಅಂದೆ ಎಂದಳು. ಅಮ್ಮ ಆಗ ಯಾವ ಜನ ಎಂದು ಕೇಳಿದರು. ಕೃಪಾ ಹೇಳಿದಳು. ಭಾನುವಾರ ಮಾತಾಡೋಣ, ಮೊದಲು ಊಟ ಮಾಡು, ಎಂದರು ಅಮ್ಮ.

ಸೋಮವಾರ ಅವಳು ವಾಚರಿನಲ್ಲಿ ಇನ್ನೊಂದು ಸಾಲು ಸೇರಿಸಿದಳು. ಬೇರೆ ಯಾವ ಫೈಲೂ ಬದಲಾಗದಿದ್ದರೆ ಸುಮ್ಮನಿರು. ಬಣ್ಣದ ಪಟ್ಟಿಗೆ ಮಾತ್ರ ಬದಲಾಗದಿದ್ದರೂ ಏಳು, ಸದ್ದು ಮಾಡು, ಊರ್ಮಿಳಾಬೆನ್‌ರ ಮಷಿನ್ನಿಗೆ ಮಾತ್ರ ಕಳಿಸಬೇಡ. ಹೊಸ ಕೋಡನ್ನೆಲ್ಲ ಒಪ್ಪಬೇಕಾದವಳು ಪೂರ್ವಿ. ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

“ಇದೊಂದಕ್ಕೆ ಯಾಕೆ ವಿನಾಯಿತಿ? ಈ ಫೈಲು ಬದಲಾಗೋದೇ ಇಲ್ಲವಲ್ಲ.”

“ಅದಕ್ಕೇ,” ಎಂದಳು ಕೃಪಾ.

ಪೂರ್ವಿ ಅವಳ ಮುಖ ನೋಡಿದಳು. ಶುಕ್ರವಾರದ ನಗು, ಅಳು ನೆನಪಾಯಿತೇನೋ, ಮತ್ತೇನೂ ಕೇಳದೆ ಒಪ್ಪಿಗೆ ಒತ್ತಿದಳು.

ಮುಂದಿನ ಸೋಮವಾರ ಬೆಳಿಗ್ಗೆ ಕೃಪಾ ಬ್ಯಾಗನ್ನು ಮೇಜಿನ ಮೇಲೆ ಇಡುವಷ್ಟರಲ್ಲಿ ಟಿಣ್ ಎಂದಿತು. ಪಟ್ಟಿ ತೆರೆದು ನೋಡಿದಳು. ತುದಿಯ ಸೊಟ್ಟ ಹೂವನ್ನು ಅವನು ಹಾಗೇ ಬಿಟ್ಟಿದ್ದ.

“ಬಂದ್ಯಾ?” ಎಂದು ಮೆಸೇಜ್ ಹಾಕಿದಳು.

“ಬಂದೆ,” ಎಂದು ಉತ್ತರ ಬಂತು. ಅದರ ಹಿಂದೆಯೇ ಇನ್ನೊಂದು. “ಅವ್ವ ನಿನ್ನ ಫೋಟೋ ಕೇಳ್ಯಾಳ.”